ಚಂದ್ರ ಎಷ್ಟು ಸಲ ಹುಟ್ಟಿದ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ನಿಮ್ಮ ಮಗಳ ಮಾತಿಗಾಗಿ. ಚಂದ್ರ ಹುಟ್ಟಿದ್ದು ಸಮುದ್ರ ಮಥನದಲ್ಲಿ ಅಂತ ನೀವು ಅವಳಿಗೆ ಕಥೆ ಹೇಳಿದ್ದಿರಿ. ಭೂಮಿಗೆ ಇನ್ನೊಂದು ಗ್ರಹ ಡಿಕ್ಕಿ ಹೊಡೆದು ಚಂದ್ರ ಆದ ಅಂತ ಅವಳು ನಮ್ಮ ಹಿಂದಿನ ಸಂಚಿಕೆಯಲ್ಲಿ ಓದಿದಳು. "ಅಮ್ಮ, ಸುಳ್ಳು ಹೇಳ್ತಿರೋದು ಯಾರು? ನೀನಾ, ಪತ್ರಿಕೆಯವರಾ?" ಅಂತ ಕೇಳಿದಳಂತೆ. ಮಥನ ಅಂದರೆ ಆ ಡಿಕ್ಕಿಯೇ, ಹಿರಿಯರು ಅದನ್ನೇ ಕಥೆ ಮಾಡಿ ಹೇಳಿದ್ದಾರೆ ಅಂದುಬಿಡಲಾ ಅಂತ ನನ್ನನ್ನು ಕೇಳಿದ್ದೀರಿ.

ಬೇಡ ಅನ್ನುತ್ತೇನೆ. ಆ ಕಥೆ ನನಗೂ ಇಷ್ಟ, ಅದಕ್ಕೇ ಬೇಡ ಅನ್ನುತ್ತಿರುವುದು.

ಹಿಂದೆ ಏನಾಗಿತ್ತು ಹೇಳುತ್ತೇನೆ. ಜಾರ್ಜ್ ಡಾರ್ವಿನ್ ಅಂತ ಒಬ್ಬರಿದ್ದರು. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಅವರ ಮಗ. ಎಳೆಯ ಭೂಮಿ ಕರಗಿದ ಸ್ಥಿತಿಯಲ್ಲಿ ಬುಗುರಿಯ ಹಾಗೆ ಗಿರಗಿರ ತಿರುಗುತ್ತಿತ್ತು, ಆ ರಭಸಕ್ಕೆ ಒಂದು ತುಂಡು ಕಿತ್ತುಹೋಗಿ ಚಂದ್ರ ಆಯಿತು ಅನ್ನುವುದು ಅವರ ವಾದ. 1882ರಲ್ಲಿ ಆಸ್ಮಂಡ್ ಫಿಶರ್ ಅನ್ನುವ ಭೂವಿಜ್ಞಾನಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಆ ತುಂಡು ಕಿತ್ತ ಗಾಯವೇ ಶಾಂತಸಾಗರ ಅಂದರು. ನೋಡಿ, ಚಂದ್ರ ಎದ್ದು ಬಂದದ್ದು ಸಮುದ್ರ ಇರುವ ಜಾಗದಿಂದ! ನಿಮ್ಮ ಹಾಗೆ ಯಾರಾದರೂ ಆಗ ಎರಡನ್ನೂ ಗಂಟು ಹಾಕಿದ್ದರೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತು, ಅಲ್ವಾ?

ಆಮೇಲೆ ಸಾಗರದ ತಳದ ವಯಸ್ಸು ಗೊತ್ತಾಯಿತು. ಶಾಂತಸಾಗರದ ತಳದ ಬಂಡೆಗೆ ಹೆಚ್ಚೆಂದರೆ 20 ಕೋಟಿ ವರ್ಷ. ಚಂದ್ರನಿಗೆ ಸುಮಾರು 450 ಕೋಟಿ. ಮಗುವಿಗಿಂತ ತಾಯಿ ಚಿಕ್ಕವಳಾದರೆ ಹೇಗೆ? ಫಿಶರ್ ಅವರ ಮಾತು ಬಿದ್ದುಹೋಯಿತು. ಅದಕ್ಕೆ ಕಟ್ಟಿದ್ದರೆ ಮಥನದ ಕಥೆಯೂ ಜೊತೆಗೇ ಬೀಳುತ್ತಿತ್ತು. ಸುಮ್ನೆ ಯಾಕೆ ಅದನ್ನು ಆ ಅಪಾಯಕ್ಕೆ ಒಡ್ಡಬೇಕು?

ಇನ್ನು ಡಿಕ್ಕಿಯ ಮಾತು. ಅದು ಬಂದದ್ದು 1970ರ ದಶಕದಲ್ಲಿ. 1969ರಿಂದ 1972ರವರೆಗೆ ಅಮೆರಿಕದ ಅಪೊಲೊ ಯಾತ್ರಿಗಳು ಚಂದ್ರನಿಂದ ಒಟ್ಟು 382 ಕಿಲೋ ಕಲ್ಲು ಮಣ್ಣು ತಂದಿದ್ದರು. ಅದರಲ್ಲಿ ಒಂದು ಕಲ್ಲನ್ನು ಹತ್ತಿರದಿಂದ ನೋಡೋಣ. 1971ರ ಆಗಸ್ಟ್ 1ರಂದು ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಅವರಿಗೆ ಸಿಕ್ಕಿದ್ದು. ತೂಕ ಕಾಲು ಕಿಲೋಗಿಂತ ತುಸು ಜಾಸ್ತಿ. ಒಂದು ಸಣ್ಣ ಪೀಠದ ಮೇಲೆ ಇಟ್ಟ ಹಾಗೆ ಕೂತಿತ್ತು. ಧೂಳು ಕೊಡವಿದರೆ ಒಳಗೆಲ್ಲ ಬಿಳಿ ಹರಳು. ಅನಾರ್ಥೊಸೈಟ್ ಅನ್ನುತ್ತಾರೆ. 400 ಕೋಟಿ ವರ್ಷಕ್ಕೂ ಹಳೆಯದು.

ಬಿಳಿ ಕಲ್ಲಿನಲ್ಲಿ ಅಂಥದ್ದೇನಿದೆ ಅಂತ ಕೇಳಬಹುದು. ಚಂದ್ರನ ಮೇಲ್ಮೈ ಒಂದು ಕಾಲಕ್ಕೆ ಪೂರ್ತಿ ಕರಗಿದ ಬಂಡೆಯ ಕಡಲಾಗಿತ್ತು. ಅದು ಆರುತ್ತಾ ಬಂದ ಹಾಗೆ ಭಾರದ ಹರಳು ತಳಕ್ಕಿಳಿಯಿತು. ಹಗುರದ ಬಿಳಿ ಹರಳು ಮೇಲೆ ತೇಲಿತು. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. (ಹಾಲ್ಗಡಲು ನೆನಪಾಯಿತಾ? ನನಗೂ ಆಯಿತು. ಇಬ್ಬರೂ ಬಾಯಿ ಮುಚ್ಚಿಕೊಂಡಿರೋಣ.) 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಪ್ರಗ್ಯಾನ್ ಬಂಡಿ ದಕ್ಷಿಣ ಧ್ರುವದ ಕಡೆಯ ಮಣ್ಣನ್ನು ಪರೀಕ್ಷಿಸಿದಾಗಲೂ ಹೆಚ್ಚಾಗಿ ಇದೇ ಜಾತಿಯದ್ದು ಸಿಕ್ಕಿತು.

ಚಂದ್ರನನ್ನು ಹಾಗೆ ಕರಗಿಸಬೇಕಾದರೆ ಕಾವು ಎಲ್ಲಿಂದ ಬಂತು? ದೊಡ್ಡ ಡಿಕ್ಕಿಯಾದರೆ ಅಷ್ಟು ಕಾವು ಹುಟ್ಟುತ್ತದೆ. ಇನ್ನೊಂದು ಸುಳಿವೂ ಇದೆ. ಭೂಮಿ ನೀರಿಗಿಂತ ಐದೂವರೆ ಪಟ್ಟು ಸಾಂದ್ರ. ಚಂದ್ರ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅವನ ಹೊಟ್ಟೆಯಲ್ಲಿ ಕಬ್ಬಿಣ ತೀರಾ ಕಡಿಮೆ. ಮಂಗಳನಷ್ಟು ದೊಡ್ಡ ಗ್ರಹವೊಂದು ಓರೆಯಾಗಿ ಬಂದು ಬಡಿದರೆ ಹೊರಕ್ಕೆ ಸಿಡಿಯುವುದು ಮೇಲಿನ ಕಲ್ಲು. ಕಬ್ಬಿಣ ಒಳಗೇ ಉಳಿಯುತ್ತದೆ. ಸಿಡಿದದ್ದು ಭೂಮಿಯ ಸುತ್ತ ಸುತ್ತುತ್ತಾ ಒಂದಾಗಿ ಚಂದ್ರ ಆಯಿತು ಅನ್ನುವುದು ಲೆಕ್ಕ. ಬಡಿದ ಗ್ರಹಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಥೀಯಾ. ಗ್ರೀಕರ ಪುರಾಣದಲ್ಲಿ ಚಂದ್ರದೇವತೆಯ ತಾಯಿ ಅವಳು. ಹೆಸರು ಬೇಕಾದಾಗ ಅವರೂ ಪುರಾಣದ ಮನೆಗೇ ಹೋದರು ನೋಡಿ.

ಆ ಬಿಳಿ ಕಲ್ಲಿಗೂ ಹಾಗೇ ಆಯಿತು. ಆಗಿನ ಪತ್ರಿಕೆಗಳವರು ಅದಕ್ಕೆ 'ಜೆನೆಸಿಸ್ ಕಲ್ಲು' ಅಂತ ಹೆಸರಿಟ್ಟರು. ಜೆನೆಸಿಸ್ ಅಂದರೆ ಬೈಬಲ್ಲಿನ ಮೊದಲ ಪುಸ್ತಕ. ದೇವರು ನಾಲ್ಕನೇ ದಿನ ಇರುಳನ್ನು ಆಳಲಿ ಅಂತ ಚಿಕ್ಕ ಬೆಳಕನ್ನು ಮಾಡಿದ ಅಂತ ಅದರಲ್ಲಿದೆ. ಕಲ್ಲು ತಂದ ಇರ್ವಿನ್ ಮುಂದೆ ಧರ್ಮಪ್ರಚಾರಕ್ಕೆ ಇಳಿದರು. ಬೈಬಲ್ಲಿನ ಪ್ರಳಯದ ಕಥೆಯಲ್ಲಿ ಬರುವ ನೋಹನ ಹಡಗನ್ನು ಹುಡುಕಿಕೊಂಡು ಟರ್ಕಿಯ ಅರಾರಾಟ್ ಬೆಟ್ಟವನ್ನೂ ಹತ್ತಿದರು.

ಈಗ ನಿಮ್ಮ ಕಥೆಗೆ ಬರುತ್ತೇನೆ. ಮಥನದಲ್ಲಿ ಹುಟ್ಟಿದ ಚಂದ್ರ ಶಿವನ ಜಟೆ ಸೇರಿದ. ಸರಿ. ಆದರೆ ಪುರುಷಸೂಕ್ತ ಕೇಳಿದರೆ ಅವನು ವಿರಾಟ್ ಪುರುಷನ ಮನಸ್ಸಿನಿಂದ ಹುಟ್ಟಿದವನು. ಭಾಗವತದಲ್ಲಿ ಅತ್ರಿ ಮುನಿಯ ಕಣ್ಣಿಂದ. ಒಂದೇ ಪರಂಪರೆಯಲ್ಲಿ ಮೂರು ಹುಟ್ಟು! ಕೇಳಿದವರು ಯಾರೂ ಇದರಲ್ಲಿ ಯಾವುದು ನಿಜ ಅಂತ ಜಗಳಕ್ಕೆ ನಿಂತ ಹಾಗೆ ಕಾಣುವುದಿಲ್ಲ. ಜಪಾನಿನ ಕಥೆಯಲ್ಲೂ ಚಂದ್ರ ಹುಟ್ಟುವುದು ಇಜಾನಾಗಿ ದೇವರು ಬಲಗಣ್ಣು ತೊಳೆದುಕೊಂಡಾಗ. ಚೀನಾದ ಕಥೆಯ ಆದಿಪುರುಷ ಪಾಂಗು ಸತ್ತಾಗ ಅವನ ಒಂದು ಕಣ್ಣು ಚಂದ್ರ ಆಯಿತು. ಕುರಾನಿನಲ್ಲಿ ವರ್ಷಗಳ ಲೆಕ್ಕ ತಿಳಿಯಲಿ ಅಂತ ದೇವರು ಚಂದ್ರನಿಗೆ ಹಂತಗಳನ್ನು ಗೊತ್ತು ಮಾಡಿದ. ಯಾರೂ ಕಲ್ಲಿನ ವಿಚಾರ ಎತ್ತಿಲ್ಲ. ಅವರಿಗೆ ಬೇಕಾಗಿದ್ದು ಕತ್ತಲಲ್ಲಿ ಒಂದು ಕಣ್ಣು, ದಿನ ಎಣಿಸಲು ಒಂದು ಗುರುತು.

ಹಾಗಾಗಿ ಮಗಳಿಗೆ ಎರಡನ್ನೂ ಹೇಳಿ, ಬೇರೆಬೇರೆಯಾಗಿ. ಚಂದ್ರ ತುಂಬಿದ ರಾತ್ರಿ ಅವನಲ್ಲಿ ಬೆಳ್ಳಗೆ ಕಾಣುವ ಭಾಗವನ್ನು ತೋರಿಸಿ. ಹೆಚ್ಚುಕಡಿಮೆ ಅದೇ ಆ ಕೆನೆ. ಕಪ್ಪು ಮಚ್ಚೆಗಳು ಆಮೇಲೆ ಒಳಗಿಂದ ಉಕ್ಕಿ ಹರಡಿದ ಲಾವಾ. ಅದನ್ನು ಮೊಲ ಅಂತ ಕರೆಯೋಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮದೂ ಒಂದು ತಪ್ಪಿದೆ. ಹಿಂದಿನ ಸಂಚಿಕೆಯಲ್ಲಿ ಡಿಕ್ಕಿಯ ಮಾತನ್ನು ಮುಗಿದ ವಿಷಯ ಅನ್ನೋ ಹಾಗೆ ಬರೆದುಬಿಟ್ಟೆವು. ಅದರಲ್ಲಿ ಒಂದು ತೊಡಕು ಉಳಿದಿದೆ. ಡಿಕ್ಕಿಯ ಮೊದಲಿನ ಲೆಕ್ಕಗಳ ಪ್ರಕಾರ ಚಂದ್ರನಲ್ಲಿ ಹೆಚ್ಚಿನದು ಥೀಯಾದ ಕಲ್ಲೇ. ಥೀಯಾ ಬೇರೆ ಗ್ರಹವಾದರೆ ಅದರ ಆಮ್ಲಜನಕದ ಐಸೋಟೋಪ್‌ಗಳ (ಅಂದರೆ ಬೇರೆಬೇರೆ ತೂಕದ ಆಮ್ಲಜನಕದ ಪರಮಾಣುಗಳ) ಪ್ರಮಾಣವೂ ಬೇರೆ ಇರಬೇಕಿತ್ತು. ಚಂದ್ರನ ಕಲ್ಲಿನಲ್ಲಿ ಅದು ಭೂಮಿಯದ್ದನ್ನೇ ಹೋಲುತ್ತದೆ. ಎರಡೂ ಕರಗಿ ಪೂರ್ತಿ ಬೆರೆತವು ಅನ್ನುವವರಿದ್ದಾರೆ. ಥೀಯಾ ಭೂಮಿಯ ಪಕ್ಕದಲ್ಲೇ, ಅದೇ ಸರಕಿನಿಂದ ಆದದ್ದು ಅನ್ನುವವರೂ ಇದ್ದಾರೆ. ವಾದ ಇನ್ನೂ ನಡೆದಿದೆ. ಇದನ್ನು ಆ ಲೇಖನದಲ್ಲೇ ಹೇಳಬೇಕಿತ್ತು. ನಿಮ್ಮ ಮಗಳಿಗೆ ಪತ್ರಿಕೆಯವರು ಹೀಗೆ ಒಪ್ಪಿಕೊಂಡರು ಅಂತ ತಿಳಿಸಿ.

— ಸಂಪಾದಕ