ಕರ್ಣನನ್ನು ಸ್ವಲ್ಪ ಬದಿಗಿಡಿ

ನಮಸ್ಕಾರ.

ಅನಿಮೆಯಲ್ಲಿ, ಅಂದರೆ ಜಪಾನಿನ ಅನಿಮೇಷನ್ ಕಥೆಗಳಲ್ಲಿ, ಹೀರೋಗಿಂತ ಅವನ ಎದುರಾಳಿಯೇ ಯಾಕೆ ಜಾಸ್ತಿ ಮಿಂಚುತ್ತಾನೆ ಅಂತ ಕೇಳಿ ನೀವು ಕಳಿಸಿದ ಲೇಖನ ಓದಿದೆ. ಒಳ್ಳೆಯ ಪ್ರಶ್ನೆ. ಕನ್ನಡದಲ್ಲಿ ಅನಿಮೆ ಬಗ್ಗೆ ಬರೆಯುವವರು ಕಡಿಮೆ. ನಿಮ್ಮ ಭಾಷೆ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪ್ಯಾರಾ ಓದಿ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಉಳಿದದ್ದನ್ನು ಬಿಟ್ಟು ಅದರ ಬಗ್ಗೆಯೇ ಬರೆಯುತ್ತೇನೆ.

ನೀವು ಬರೆದದ್ದು ಇದು: "ವೆಜಿಟಾ, ಸಾಸುಕೆ ಇವರೆಲ್ಲ ನಮ್ಮ ಕರ್ಣನಂತೆ. ಇವರ ಹಿಂದೆ ಆಳವಾದ ನೋವಿನ ಕಥೆಯಿದೆ. ನಾಯಕ ಗೆಲ್ಲುತ್ತಾನೆ ಎಂದು ಮೊದಲೇ ಗೊತ್ತಿರುವುದರಿಂದ ಅವನ ಮೇಲೆ ಕುತೂಹಲ ಉಳಿಯುವುದಿಲ್ಲ. ಕೊನೆಗೆ ವೆಜಿಟಾ ಗೋಕುವನ್ನು ಒಪ್ಪಿಕೊಳ್ಳುತ್ತಾನೆ. ಇದೇ ಎದುರಾಳಿಯ ದೊಡ್ಡತನ."

ಮೊದಲು ಕರ್ಣ. ಎದುರಾಳಿ ಅಂದ ಕೂಡಲೇ ನಮ್ಮವರೆಲ್ಲ ಕರ್ಣನ ಹತ್ತಿರ ಓಡುತ್ತಾರೆ. ಆ ಹೆಸರು ಬಂದರೆ ಸಾಕು, ಕುಂತಿ, ಕವಚ, ರಥದ ಚಕ್ರ ಎಲ್ಲವನ್ನೂ ಓದುಗ ತಾನೇ ತುಂಬಿಕೊಳ್ಳುತ್ತಾನೆ. ಆಮೇಲೆ ಅವನಿಗೆ ವೆಜಿಟಾ ಕಾಣುವುದೇ ಇಲ್ಲ. ಹೋಗಲಿ, ಹೋಲಿಕೆಯಾದರೂ ಸರಿಯಾಗಿ ಕೂರುತ್ತದೆಯೇ? ಡ್ರ್ಯಾಗನ್ ಬಾಲ್‌ನಲ್ಲಿ ಹೀರೋ ಗೋಕು, ಅವನ ಎದುರಾಳಿ ವೆಜಿಟಾ ರಾಜಕುಮಾರ. ಇಬ್ಬರೂ ಸೈಯನ್ ಅನ್ನುವ ಯೋಧರ ಕುಲದವರು, ಅದರಲ್ಲಿ ವೆಜಿಟಾ ಮೇಲ್ದರ್ಜೆಯವನು. ಗೋಕು ಕೆಳದರ್ಜೆಯ ಯೋಧ. ಭೂಮಿಗೆ ಬಂದಿಳಿದ ವೆಜಿಟಾ ಗೋಕುವನ್ನು ಹಂಗಿಸುವುದೂ ಅದನ್ನೇ ಎತ್ತಿ. ಕುಲ ಕೇಳಿ ಕರ್ಣನನ್ನು ಅವಮಾನಿಸಿದವರ ಸಾಲಿನಲ್ಲಿ ನಿಲ್ಲಬೇಕಾದವನು ವೆಜಿಟಾ. ನರುಟೊ ಕಥೆಯ ಎದುರಾಳಿ ಸಾಸುಕೆಯೂ ಅಷ್ಟೇ. ಉಚಿಹಾ ಮನೆತನದ ಹೆಸರು, ಹುಟ್ಟಿನಿಂದಲೇ ಬಂದ ಜಾಣತನ ಎರಡೂ ಅವನಿಗಿದೆ. ಊರವರು ಹತ್ತಿರ ಸೇರಿಸದ ಹುಡುಗ ಹೀರೋ ನರುಟೊ. ಅಪ್ಪ ಯಾರೆಂದು ಗೊತ್ತಿಲ್ಲದೆ ಬೆಳೆದವನೂ ನರುಟೊನೇ. ಕರ್ಣ ಬೇಕೇ ಬೇಕು ಅಂದರೆ ಇಲ್ಲಿ ಕರ್ಣ ಹೀರೋ ಆಗುತ್ತಾನೆ, ಅಲ್ವಾ? ನಿಮ್ಮ ವಾದ ಅಲ್ಲಿಗೇ ಕುಸಿಯಿತು.

ಎರಡನೆಯದು ನೋವಿನ ಕಥೆ. ಗೋಕು ಹುಟ್ಟಿದ ಗ್ರಹ ಯಾವುದು? ವೆಜಿಟಾ ಹುಟ್ಟಿದ್ದೂ ಅದೇ ಗ್ರಹದಲ್ಲಿ. ಅದನ್ನು ಪುಡಿ ಮಾಡಿದ ಖಳ ಫ್ರೀಜಾನೂ ಒಬ್ಬನೇ. ಇಬ್ಬರೂ ಕಳೆದುಕೊಂಡದ್ದು ಒಂದೇ. ಮಗುವಾಗಿ ಭೂಮಿಗೆ ಬಂದ ಗೋಕು ತಲೆಗೆ ಪೆಟ್ಟು ಬಿದ್ದು ಹಿಂದಿನದೆಲ್ಲ ಮರೆತ. ವೆಜಿಟಾನಿಗೆ ನೆನಪಿದೆ. ಗ್ರಹ ಪುಡಿ ಮಾಡಿದವನು ಅವನೇ ಅಂತ ಗೊತ್ತಿಲ್ಲದೆ ಅದೇ ಫ್ರೀಜಾನ ಕೈಕೆಳಗೆ ದುಡಿದ, ನಿಜ ತಿಳಿದದ್ದು ಆಮೇಲೆ. ನಾಮೆಕ್ ಗ್ರಹದಲ್ಲಿ ಸಾಯುವಾಗ ಅದನ್ನೆಲ್ಲ ಹೇಳಿಕೊಂಡು ಅಳುತ್ತಾನೆ, ಅದೂ ತಾನು ಕೀಳು ಅಂದ ಗೋಕುವಿನ ಎದುರು. ನೋವು ಇಬ್ಬರಿಗೂ ಇತ್ತು, ಹೊತ್ತವನು ಒಬ್ಬನೇ. ನೀವು ಬರೆಯಬೇಕಾದದ್ದು ಅದನ್ನು. "ಆಳವಾದ ನೋವು" ಅಂತ ಬರೆದರೆ ನನಗೆ ಏನೂ ಕಾಣುವುದಿಲ್ಲ.

ಮೂರನೆಯ ವಾಕ್ಯವೇ ನನ್ನನ್ನು ಹೆಚ್ಚು ಕಾಡಿದ್ದು. ಹೀರೋ ಗೆಲ್ಲುತ್ತಾನೆ ಅಂತ ಮೊದಲೇ ಗೊತ್ತು ಅನ್ನುತ್ತೀರಿ. ಎದುರಾಳಿಯ ಪಾತ್ರಗಳ ಬಗ್ಗೆ ಬರೆಯುವವರು ನೋಡಲೇಬೇಕಾದ ಕಥೆಯೊಂದಿದೆ, ಅದರಲ್ಲಿ ಹೀರೋ ಸೋಲುತ್ತಾನೆ. ಆಶಿತಾ ನೋ ಜೋ. 1968ರಿಂದ 1973ರವರೆಗೆ ಜಪಾನಿನ ವಾರಪತ್ರಿಕೆಯೊಂದರಲ್ಲಿ ಬಂದ ಬಾಕ್ಸಿಂಗ್ ಮಾಂಗಾ, ಅಂದರೆ ಚಿತ್ರಕಥೆ. ಕಥೆ ಕಾಜಿವಾರಾ ಇಕ್ಕಿ ಅವರದು, ತಕಾಮೊರಿ ಅಸಾವೊ ಅನ್ನುವ ಹೆಸರಿನಲ್ಲಿ. ಚಿತ್ರ ಚಿಬಾ ತೆತ್ಸುಯಾ ಅವರದು. ಜೋ ಅನಾಥ ಹುಡುಗ. ಬಾಲಾಪರಾಧಿಗಳ ಶಾಲೆಯಲ್ಲಿ ಅವನಿಗೆ ರಿಕಿಯಿಶಿ ಸಿಗುತ್ತಾನೆ. ಅವನನ್ನು ಮೊದಲು ಬಿಡಿಸುವಾಗ ಚಿಬಾ ಜೋಗಿಂತ ತುಂಬಾ ಎತ್ತರ ಬಿಡಿಸಿಬಿಟ್ಟರು. ಮುಂದೆ ಇವನೇ ದೊಡ್ಡ ಎದುರಾಳಿ ಅಂತ ಆಗ ಅವರಿಗೆ ಗೊತ್ತಿರಲಿಲ್ಲ. ಬಾಕ್ಸಿಂಗ್‌ನಲ್ಲಿ ತೂಕದ ವರ್ಗ ಬೇರೆಯಾದರೆ ಇಬ್ಬರೂ ಒಂದೇ ರಿಂಗ್‌ಗೆ ಇಳಿಯುವ ಹಾಗಿಲ್ಲ. ಜೋ ಬ್ಯಾಂಟಮ್‌ವೇಟ್, ಅಂದರೆ ಹಗುರ ತೂಕದ ವರ್ಗದವನು. ಅವನ ಜೊತೆ ಆಡಬೇಕು ಅಂದರೆ ರಿಕಿಯಿಶಿ ಮೈ ಕರಗಿಸಲೇಬೇಕು.

ಕರಗಿಸುತ್ತಾನೆ. ಊಟ ಬಿಡುತ್ತಾನೆ, ನೀರು ಬಿಡುತ್ತಾನೆ. ಕೆನ್ನೆಯ ಮೂಳೆ ಎದ್ದು ಕಾಣುತ್ತದೆ. ಒಂದು ರಾತ್ರಿ ಬಾಯಾರಿಕೆ ತಡೆಯಲಾರದೆ ತೂರಾಡುತ್ತಾ ನಲ್ಲಿ ಹುಡುಕಿಕೊಂಡು ಹೋಗುತ್ತಾನೆ. ನಲ್ಲಿಗಳಿಗೆಲ್ಲ ತಂತಿ ಸುತ್ತಿ ಬಿಗಿದಿದ್ದಾರೆ. ಅಲ್ಲಿಗೆ ಬಂದ, ಅವನಿಗೆ ಆಸರೆಯಾಗಿದ್ದ ಮನೆತನದ ಶಿರಾಕಿ ಯೋಕೋ ಒಂದು ಲೋಟ ಬಿಸಿನೀರು ಕೊಡುತ್ತಾಳೆ. ಅವನು ಲೋಟ ಕೈಗೆ ತೆಗೆದುಕೊಳ್ಳುತ್ತಾನೆ, ನೀರನ್ನು ನೆಲಕ್ಕೆ ಸುರಿಯುತ್ತಾನೆ, ನಿಮ್ಮ ಮನಸ್ಸು ನನಗೆ ಮುಟ್ಟಿತು, ಅಷ್ಟು ಸಾಕು ಅನ್ನುತ್ತಾನೆ. ಆ ಪುಟದಲ್ಲಿ ಹೀರೋ ಇಲ್ಲ. ಹೀರೋಗೆ ಇದ್ಯಾವುದೂ ಬೇಕಾಗಿಯೂ ಇಲ್ಲ, ಅವನು ಆ ತೂಕದಲ್ಲೇ ಇದ್ದಾನಲ್ಲ! ಅದೇ ರಿಂಗ್‌ನಲ್ಲಿ ನಿಲ್ಲಲು ಎದುರಾಳಿ ಮಾತ್ರ ಇಷ್ಟು ತೆರಬೇಕು. ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇದೇ. ಎದುರಾಳಿ ಏನು ತೆರುತ್ತಾನೆ ಅನ್ನುವುದನ್ನು ಇಂಥ ಕಥೆಗಾರರು ನಮಗೆ ಪೈಸೆ ಪೈಸೆ ಲೆಕ್ಕ ಕೊಟ್ಟು ತೋರಿಸುತ್ತಾರೆ.

ಕೊನೆಗೆ ರಿಕಿಯಿಶಿ ಜೋನನ್ನು ನಾಕ್‌ಔಟ್ ಮಾಡಿ ಗೆಲ್ಲುತ್ತಾನೆ. ಗೆದ್ದು, ಕೈಕುಲುಕಲು ಕೈ ಚಾಚಿದವನು ಹಾಗೇ ಕುಸಿದು ಸಾಯುತ್ತಾನೆ. 1970ರ ಮಾರ್ಚ್‌ನಲ್ಲಿ ಟೋಕಿಯೋದ ಕೋದಾನ್ಶಾ ಪ್ರಕಾಶನದವರ ಸಭಾಂಗಣದಲ್ಲಿ ಅವನಿಗೆ ನಿಜವಾಗಿ ಶ್ರದ್ಧಾಂಜಲಿ ಸಭೆ ನಡೆಯಿತು. ಅದನ್ನು ನಡೆಸಿದವರು ಕವಿ, ನಾಟಕಕಾರ ತೆರಯಾಮಾ ಶೂಜಿ. ಸುಮಾರು 700 ಜನ ಬಂದಿದ್ದರು. ಕಾಗದದ ಮೇಲಿನ ಹುಡುಗನಿಗೆ ಹೂವಿಡಲು ಬಂದವರು ಅವರು. ಅವರೆಲ್ಲ ಹೀರೋನ ಮೇಲೆ ಕುತೂಹಲ ಹೋಗಿದ್ದರಿಂದ ಬಂದರು ಅಂತ ನಿಮಗೆ ನಿಜವಾಗಲೂ ಅನಿಸುತ್ತದೆಯೇ?

ಹೀರೋಗೆ ಒಂದು ಕಟ್ಟುಪಾಡೂ ಇದೆ. ನಿಮ್ಮ ಲೇಖನ ಅದರ ಹತ್ತಿರ ಬಂದು ಹಾಗೇ ದಾಟಿಹೋಗಿದೆ. ನರುಟೊ ಮೊದಲ ಅಧ್ಯಾಯದಲ್ಲೇ ಮಾತು ಕೊಟ್ಟಿದ್ದಾನೆ, ಊರಿನ ಮುಖ್ಯಸ್ಥ, ಅಂದರೆ ಹೊಕಾಗೆ ಆಗುತ್ತೇನೆ ಅಂತ. 1999ರಿಂದ 2014ರವರೆಗೆ, 700 ಅಧ್ಯಾಯ, ಆ ಮಾತಿನಿಂದ ಅವನು ಅಲುಗುವ ಹಾಗಿಲ್ಲ. ಅಲುಗಿದರೆ ವಾರ ವಾರ ಓದುವವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಸಾಸುಕೆ ಊರು ಬಿಡಬಹುದು. ಗುರುವಿಗೆ ತಿರುಗಿ ಬೀಳಬಹುದು. ಅಣ್ಣನನ್ನು ಕೊಂದು, ಆಮೇಲೆ ಅಣ್ಣನ ನಿಜ ಗೊತ್ತಾಗಿ ಇನ್ನೊಂದು ಕಡೆಗೆ ಹೊರಳಬಹುದು. ಕಥೆಯಲ್ಲಿ ಬದಲಾಗುವ ಅವಕಾಶ ಅವನಿಗೇ ಜಾಸ್ತಿ. ಇದನ್ನು ಒಂದು ಪ್ಯಾರಾ ಬರೆಯಿರಿ, ಸಾಕು.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಆಗಿನ್ನೂ ಕೈಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲ. ನಮ್ಮ ಕಂಪೋಸಿಟರ್ ವಯಸ್ಸಾದವರು, ನಮ್ಮ ಬರಹವನ್ನು ಮೊದಲು ಓದುತ್ತಿದ್ದವರೂ ಅವರೇ. ಮೈಸೂರು ದಸರಾ ಕುಸ್ತಿಯ ವರದಿ ಮಾಡಲು ಒಮ್ಮೆ ನನ್ನನ್ನು ಕಳಿಸಿದ್ದರು. ಬರೆದುಕೊಂಡು ಹೋಗಿ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ, 'ಅತ್ಯಂತ ರೋಮಾಂಚಕ' ಅಂತ ಬರೆದಿದ್ದೀಯ. ಇಷ್ಟು ಮೊಳೆ ಆರಿಸಿ ಜೋಡಿಸ್ತೀನಿ, ಓದಿದವನಿಗೆ ಏನು ಸಿಗುತ್ತೆ? ಸೋತವನು ಏನು ಮಾಡಿದ, ಅದನ್ನು ಹೇಳು" ಅಂದರು. ನಾನು ನೋಡಿದ್ದೆ. ಸೋತ ಪೈಲ್ವಾನ್ ಅಖಾಡದ ಅಂಚಿನಲ್ಲಿ ಕೂತು ಕಿವಿಯೊಳಗಿನ ಕೆಮ್ಮಣ್ಣನ್ನು ಕಿರುಬೆರಳಲ್ಲಿ ತೆಗೆಯುತ್ತಿದ್ದ. ಗೆದ್ದವನ ಮೆರವಣಿಗೆ ಎದುರಿಗೇ ಹೋದರೂ ತಲೆ ಎತ್ತಲಿಲ್ಲ. ಅಷ್ಟನ್ನು ಹೇಳಿದೆ. "ಹಾಂ, ಇದನ್ನು ಬರಿ" ಅಂದರು. ಅವರ ಮೇಜಿನ ಪಕ್ಕ ನಿಂತೇ ಬರೆದು ಕೊಟ್ಟೆ, ಅವರು ಆಗಲೇ ಜೋಡಿಸಿದರು. ಇವತ್ತಿಗೂ ಯಾರ ಬರಹ ಕೈಗೆತ್ತಿಕೊಂಡರೂ ನನ್ನ ಕಣ್ಣು ಮೊದಲು ಹುಡುಕುವುದು ಅಂಥ ಒಂದು ಕಿವಿ, ಒಂದು ಬೆರಳನ್ನು.

ಈಗ ನಿಮ್ಮ ನಾಲ್ಕನೇ ವಾಕ್ಯಕ್ಕೆ ಬರುತ್ತೇನೆ. "ವೆಜಿಟಾ ಗೋಕುವನ್ನು ಒಪ್ಪಿಕೊಳ್ಳುತ್ತಾನೆ." ಆ ದೃಶ್ಯವನ್ನು ಮೊದಲು ನೋಡಿದ್ದು ನನ್ನ ಮಗಳ ಪಕ್ಕದಲ್ಲಿ ಕೂತು, ಕಾರ್ಟೂನ್ ನೆಟ್‌ವರ್ಕ್‌ನಲ್ಲಿ. ಅದನ್ನು ಮೂರೇ ಪದಕ್ಕೆ ಇಳಿಸಿದ್ದೀರಲ್ಲ, ಬೇಸರವಾಯಿತು. ಏನಾಗುತ್ತಿದೆ ಅಲ್ಲಿ? ಗೋಕು ಬೂ ಅನ್ನುವ ಖಳನ ಜೊತೆ ಹೋರಾಡುತ್ತಿದ್ದಾನೆ. ವೆಜಿಟಾ ದೂರದಲ್ಲಿ ನಿಂತು ನೋಡುತ್ತಿದ್ದಾನೆ. ಇದಕ್ಕೆ ಮುಂಚೆ ಇದೇ ಗೋಕುವನ್ನು ಎದುರಿಸಲೆಂದು ಬಾಬಿಡಿ ಅನ್ನುವ ಮಾಂತ್ರಿಕನಿಗೆ ಬೇಕೆಂದೇ ಮನಸ್ಸು ಒಪ್ಪಿಸಿದವನು ಅವನು. ಹಳೆಯ ಕ್ರೂರ ವೆಜಿಟಾ ಮತ್ತೆ ಬೇಕು ಅಂತ. ಆಮೇಲೆ ಮಗನನ್ನು ಒಮ್ಮೆ ತಬ್ಬಿಕೊಂಡು ಪ್ರಾಣವನ್ನೇ ಕೊಟ್ಟವನೂ ಅವನೇ (ಈ ಕಥೆಯಲ್ಲಿ ಸತ್ತವರು ಮತ್ತೆ ಬರುತ್ತಾರೆ). ಅವರಿಬ್ಬರ ಆ ಹೊಡೆದಾಟದಲ್ಲಿ ಗೋಕು ತನ್ನ ಪೂರ್ತಿ ಶಕ್ತಿ ತೋರಿಸಿರಲಿಲ್ಲ ಅನ್ನುವುದು ಅವನಿಗೆ ಆಮೇಲೆ ಗೊತ್ತಾಗಿದೆ, ಅದು ಚುಚ್ಚಿದೆ. ಈಗ ನಿಂತು ಯೋಚಿಸುತ್ತಾನೆ. ನಾನು ಹೋರಾಡಿದ್ದು ಕೊಲ್ಲಲು, ನನ್ನ ಹೆಮ್ಮೆಗೆ. ಇವನು ಹೋರಾಡುವುದು ತನ್ನ ಮಿತಿ ದಾಟಲು. ಇವನೇ ಮೊದಲಿಗ.

ಈ ಮಾತು ಬಾಯಿಂದ ಬರುವುದಿಲ್ಲ, ಮನಸ್ಸಿನಲ್ಲೇ ನಡೆಯುತ್ತದೆ. ಗೋಕುಗೆ ಕೇಳಿಸುವುದಿಲ್ಲ. ಕೇಳಿಸಿಕೊಳ್ಳುವವರು ನಾವು ಮಾತ್ರ. ರಾಜಕುಮಾರ ಅನ್ನುವ ಹೆಮ್ಮೆಯೊಂದೇ ಆಸ್ತಿಯಾಗಿದ್ದವನು ಅದನ್ನು ಯಾರಿಗೂ ಕಾಣದ ಹಾಗೆ ಕೆಳಗಿಡುತ್ತಾನೆ. ನೀವು ಇದನ್ನು ಒಂದು ಪುಟ ಬರೆಯಬೇಕಿತ್ತು. ಗೋಕು ದೊಡ್ಡವನು ಅನ್ನುವುದೂ ನಮಗೆ ಪೂರ್ತಿ ಅರ್ಥವಾಗುವುದು ವೆಜಿಟಾ ಹೇಳಿದ ಮೇಲೆ, ಅಲ್ವಾ?

ಐದನೆಯ ವಾಕ್ಯವನ್ನು ಹೊಡೆದುಹಾಕಿ.

ನಿಮ್ಮಿಂದ ಆಗುವುದಿಲ್ಲ ಅನ್ನುವ ಹಾಗಿಲ್ಲ. ಕೊನೆಯ ಪುಟದಲ್ಲಿ ವಾಲಿಬಾಲ್ ಕಥೆ ಹೈಕ್ಯೂ ಬಗ್ಗೆ ಸುಮ್ನೆ ಬಂದುಹೋಗುವ ಒಂದು ವಾಕ್ಯವಿದೆ: "ಕಾಗೆಯಾಮಾ ಚೆಂಡನ್ನು ಎತ್ತಿಕೊಟ್ಟ, ಹೊಡೆಯಲು ಯಾರೂ ಹಾರಲಿಲ್ಲ, ಚೆಂಡು ಹಾಗೇ ನೆಲಕ್ಕೆ ಬಿತ್ತು." ಇದನ್ನು ಓದಿ ನಾನು ಹಾಳೆ ಕೆಳಗಿಟ್ಟೆ. ವಿಶೇಷಣ ಒಂದೂ ಇಲ್ಲ. ತಂಡದವರು ಕಾಗೆಯಾಮಾನನ್ನು ಅಂಕಣದ ರಾಜ ಅಂತ ಕರೆಯುತ್ತಿದ್ದದ್ದು ಹೊಗಳಿಕೆಯಲ್ಲ ಅನ್ನುವುದು ಆ ಬಿದ್ದ ಚೆಂಡಿನಲ್ಲೇ ಗೊತ್ತಾಗುತ್ತದೆ. ಮುಂದೆ ಹೈಸ್ಕೂಲಿನಲ್ಲಿ ಕುಳ್ಳ ಹೀರೋ ಹಿನಾಟಾ ಕಣ್ಣು ಮುಚ್ಚಿ ಹಾರಿದಾಗ ಅವನ ಕೈಗೇ ಕಾಗೆಯಾಮಾ ಎತ್ತಿದ ಚೆಂಡು ಬಂದು ಕೂರುತ್ತದಲ್ಲ, ಅದಕ್ಕೆ ಅಷ್ಟು ತೂಕ ಬರುವುದು ಈ ಚೆಂಡಿನಿಂದ. ನೀವು ಇಲ್ಲಿಯವರೆಗೆ ಹೋಗಲೇ ಇಲ್ಲ. ಎದುರಾಳಿ, ಹೀರೋ ಇಬ್ಬರೂ ಒಂದೇ ತಂಡದಲ್ಲಿದ್ದಾಗ ಏನಾಗುತ್ತದೆ ಅನ್ನುವ ದೊಡ್ಡ ವಿಷಯ ಅಲ್ಲೇ ಬಾಗಿಲಲ್ಲಿ ನಿಂತಿದೆ.

ಮತ್ತೆ ಬರೆಯಿರಿ. ಶುರು ಆ ಚೆಂಡಿನಿಂದಲೇ ಆಗಲಿ. ವೆಜಿಟಾಗೆ ಒಂದು ಪುಟ ಕೊಡಿ, ರಿಕಿಯಿಶಿಯನ್ನು ಓದಿದ ಮೇಲೆ ಅವನಿಗೂ ಒಂದು. ಲೇಖನದಲ್ಲಿರುವ ಹದಿನೈದು ಹೆಸರುಗಳ ಪಟ್ಟಿ ಬೇಡ. ಪದಗಳ ಮಿತಿ ಬಗ್ಗೆ ಯೋಚಿಸಬೇಡಿ, ಜಾಗ ನಾನು ಮಾಡಿಕೊಡುತ್ತೇನೆ. ಅವಸರವಿಲ್ಲ, ಆದರೆ ಕಳಿಸದೆ ಬಿಡಬೇಡಿ.

ನಿಮ್ಮ
ಸಂಪಾದಕಿ