ತಣ್ಣನೆಯ ಕಾಲಿಗೆ ಕೆಂಡದ ಕಾವು ಬೇಡ

ಪ್ರಶ್ನೆ: ಡಾಕ್ಟ್ರೇ, ನನಗೆ 64 ವರ್ಷ. ನಾಪೋಕ್ಲು ಕಡೆ ಕಾಫಿ ತೋಟ ಇದೆ. ಏರು ಹತ್ತುವಾಗ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ರಕ್ತನಾಳ ಕಿರಿದಾಗಿದೆ ಎಂದಿದ್ದಾರೆ. ಶುಗರ್ ಕೂಡ ಇದೆ. ಮಳೆಗಾಲದಲ್ಲಿ ಪಾದ ಐಸ್ ಆಗುತ್ತದೆ. ರಾತ್ರಿ ಕೆಂಡದ ಮುಂದೆ ಕಾಲು ಚಾಚಿ ಕೂರುತ್ತೇನೆ, ಮಲಗುವಾಗ ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳುತ್ತೇನೆ. ಮಗಳು ಬೇಡ ಎಂದು ಜಗಳ ಆಡುತ್ತಾಳೆ. ಯಾರು ಸರಿ?

ಉತ್ತರ: ಮಗಳು.

ಕಕ್ಕಡ ತಿಂಗಳ ಮಳೆಯಲ್ಲಿ ಬೆಂಕಿ ಹತ್ತಿರ ಹೋಗಬೇಡಿ ಎಂದರೆ ಕೊಡಗಿನಲ್ಲಿ ಯಾರೂ ಕೇಳುವುದಿಲ್ಲ, ಗೊತ್ತು. ಕೋಣೆ ಬೆಚ್ಚಗಿರಲಿ, ಅಡ್ಡಿಯಿಲ್ಲ. ಪಾದ ಮಾತ್ರ ದೂರ ಇರಲಿ. ಚರ್ಮ ಬಿಸಿಯಾದಷ್ಟೂ ಅದಕ್ಕೆ ರಕ್ತ ಜಾಸ್ತಿ ಬೇಕು. ಒಳ್ಳೆಯ ಕಾಲಿನಲ್ಲಿ ರಕ್ತ ನುಗ್ಗಿ ಬಂದು ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ನಿಮ್ಮದರಲ್ಲಿ ದಾರಿಯೇ ಕಿರಿದು, ಬಿಸಿ ಅಲ್ಲೇ ಉಳಿಯುತ್ತದೆ. ಶುಗರ್‌ನಿಂದ ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟದ್ದು ತಿಳಿಯುವುದೂ ಇಲ್ಲ. ಬೊಬ್ಬೆ ಒಡೆದು, ಗಾಯ ಮಾಯದೆ, ಬೆರಳು ಕಳೆದುಕೊಂಡವರನ್ನು ಪ್ರತಿ ಮಳೆಗಾಲವೂ ನೋಡುತ್ತೇನೆ. ನಿಮ್ಮ ಮೊಣಕಾಲಿನ ಕೆಳಗೆ ಕಂದು ಬಣ್ಣದ ಬಲೆಯಂಥ ಗುರುತು ಇದೆಯಾ, ನೋಡಿ. ಅದು ಕೆಂಡದ ಕಾವಿನದೇ.

ಹಾಗಾದರೆ ಕಾಲು ಬೆಚ್ಚಗಾಗುವುದು ಹೇಗೆ? ಬ್ಯಾಗನ್ನು ಟವೆಲ್‌ನಲ್ಲಿ ಸುತ್ತಿ ಹೊಟ್ಟೆಯ ಮೇಲೆ ಇಡಿ, ಕಂಬಳಿ ಹೊದೆಯಿರಿ. ಮೈ ಬೆಚ್ಚಗಾದರೆ ಕಾಲಿನ ಚರ್ಮದ ರಕ್ತನಾಳಗಳು ತಾವಾಗಿ ಸಡಿಲವಾಗುತ್ತವೆ. ಜಪಾನಿನ ‘ವಾಒನ್’ ಚಿಕಿತ್ಸೆಯಲ್ಲೂ ಇಡೀ ಮೈಗೇ ಕಾವು: 60 ಡಿಗ್ರಿಯ ಒಣ ಕೋಣೆಯಲ್ಲಿ 15 ನಿಮಿಷ, ಆಮೇಲೆ 30 ನಿಮಿಷ ಕಂಬಳಿ. ಅದು ವೈದ್ಯರ ಕಣ್ಣೆದುರು ನಡೆಯುವಂಥದ್ದು, ಬಚ್ಚಲಲ್ಲಿ ಪ್ರಯತ್ನಿಸಬೇಡಿ! ಬಿಸಿನೀರು ಹರಿಯುವ ಪ್ಯಾಂಟನ್ನು ಮನೆಯಲ್ಲೇ ತೊಡಿಸಿಯೂ ಸಂಶೋಧಕರು ನೋಡಿದ್ದಾರೆ. ಅಧ್ಯಯನಗಳು ಸಣ್ಣವು, ಅದನ್ನು ನಂಬಿ ದುಡ್ಡು ಸುರಿಯಬೇಡಿ.

ಪಾದ ತೊಳೆಯುವ ನೀರು ಉಗುರುಬೆಚ್ಚಗಿರಲಿ, 37 ಡಿಗ್ರಿ ಸಾಕು. ಹಂಡೆ ನೀರಿಗೆ ತಣ್ಣೀರು ಬೆರೆಸಿ, ಮಗಳ ಮೊಣಕೈಯಿಂದ ನೋಡಿಸಿ. ನಿಮ್ಮ ಪಾದವನ್ನು ನಂಬಬೇಡಿ. ಗಂಬೂಟಿನೊಳಗೆ ಕಾಲುಚೀಲ ಒದ್ದೆಯಾದರೆ ತಕ್ಷಣ ಬದಲಿಸಿ.

ನಿಜವಾದ ಔಷಧ ನಡಿಗೆ. ಏರು ಬಿಡಿ, ಸಮತಟ್ಟಿನ ರಸ್ತೆ ಹಿಡಿಯಿರಿ. ನೋವು ಸಾಕಷ್ಟು ಬಂದಾಗ ನಿಲ್ಲಿ, ಹೋದ ಮೇಲೆ ಮತ್ತೆ ನಡೆಯಿರಿ. ಹೀಗೆ ಅರ್ಧ ಗಂಟೆ, ವಾರಕ್ಕೆ ಮೂರು ಸಲವಾದರೂ, ಮೂರು ತಿಂಗಳು. ಪಾದದಲ್ಲಿ ಗಾಯವಿದ್ದರೆ ಮೊದಲು ಅದನ್ನು ತೋರಿಸಿ. ಬೀಡಿ ಬಗ್ಗೆ ನೀವು ಬರೆದಿಲ್ಲ. ಸೇದುತ್ತಿದ್ದರೆ ಇವತ್ತೇ ಬಿಡಿ.

ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳು ಕಪ್ಪಾದರೆ ಅದೇ ದಿನ ಡಾಕ್ಟರ ಬಳಿ ಹೋಗಿ. ಕಾಲು ಇದ್ದಕ್ಕಿದ್ದಂತೆ ಬಿಳಿಚಿ ತಣ್ಣಗಾಗಿ ನೋವು ಶುರುವಾದರೆ ಬೆಳಗಾಗುವವರೆಗೂ ಕಾಯಬೇಡಿ, ಮಡಿಕೇರಿಯ ಆಸ್ಪತ್ರೆಗೆ ಹೊರಡಿ.