ಬೇಲಿ ಹಾಕಿದಿರಿ, ಉಣುಗೋಲು ಎಲ್ಲಿ?

ದಾವಣಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಪತ್ರದ ಮುಖ್ಯ ಭಾಗ ಇಷ್ಟು:

‘ಮೂರು ತಿಂಗಳಿಂದ ನಮ್ಮ ಆಫೀಸಿನಲ್ಲಿ ಪೆನ್‌ಡ್ರೈವ್ ಬಂದ್, ಜೀಮೇಲ್ ಬಂದ್. ಹೊರಗೆ ಫೈಲ್ ಕಳಿಸಲು ಒಂದು ಪೋರ್ಟಲ್ ಇದೆ. ಅದರ ಒಟಿಪಿ ಮ್ಯಾನೇಜರ್ ಫೋನಿಗೆ ಹೋಗುತ್ತದೆ. ಅವತ್ತು ಅವರು ಮಗಳ ನಿಶ್ಚಿತಾರ್ಥದಲ್ಲಿದ್ದರು, ಫೋನ್ ಎತ್ತಲಿಲ್ಲ. ಆಡಿಟರ್ ಸಂಜೆಯೊಳಗೆ ಪಿಎಫ್ ಲೆಕ್ಕ ಬೇಕೆಂದು ಕೂತಿದ್ದರು. ವಾಟ್ಸಾಪ್ ವೆಬ್ ತೆರೆದು ಸಂಬಳದ ಶೀಟ್ ಕಳಿಸಿಬಿಟ್ಟೆ. ಈಗ ಮೆಮೋ ಬಂದಿದೆ. ತಪ್ಪು ನನ್ನದಾ, ಆಫೀಸಿನದಾ?’

ಇಬ್ಬರದೂ. ಆದರೆ ಸಮಪಾಲಲ್ಲ.

ಮೊದಲು ನಿಮ್ಮ ಐಟಿ ವಿಭಾಗದ ಪರ ನಾಲ್ಕು ಮಾತು. ಇಲ್ಲದಿದ್ದರೆ ಅವರಿಂದಲೂ ಪತ್ರ ಬರುತ್ತದೆ. ವಾಟ್ಸಾಪ್‌ನಲ್ಲಿ ಹೊರಟ ಶೀಟ್ ಯಾರ ಕೈಗೆ ಮುಟ್ಟಿ ನಿಲ್ಲುತ್ತದೋ ದೇವರಿಗೇ ಗೊತ್ತು. ಎಲ್ಲಿಂದಲೋ ತಂದು ಚುಚ್ಚಿದ ಒಂದು ಪೆನ್‌ಡ್ರೈವ್ ಇಡೀ ಆಫೀಸಿನ ಕಂಪ್ಯೂಟರ್‌ಗಳನ್ನು ಮಲಗಿಸಬಹುದು. ಜನರ ಮಾಹಿತಿ ಕಾಪಾಡಲು ತಕ್ಕ ವ್ಯವಸ್ಥೆ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು ಎಂದು 2023ರ ಡೇಟಾ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹೆದರಿಕೆ ಸಹಜ. ಸರಿ, ಅವರ ಪಾಲು ಮುಗಿಯಿತು.

ನಾನು ಮಲೆನಾಡಿನವನು. ನಮ್ಮ ಕಡೆ ತೋಟಕ್ಕೆ ಬೇಲಿ ಹಾಕುವವರು ಜೊತೆಗೇ ಉಣುಗೋಲನ್ನೂ ಹಾಕುತ್ತಾರೆ. ಎರಡು ಕಡೆ ತೂತು ಕೊರೆದ ಕಂಬ, ಅಡ್ಡಕ್ಕೆ ಬಿದಿರಿನ ಗಳ. ಮನುಷ್ಯ ಗಳ ಸರಿಸಿ ಒಳಗೆ ಬರುತ್ತಾನೆ, ದನ ಹೊರಗೇ ನಿಲ್ಲುತ್ತದೆ. ಉಣುಗೋಲು ಇಲ್ಲದೆ ಬೇಲಿ ಹಾಕಿ ನೋಡಿ. ವಾರದೊಳಗೆ ಯಾರೋ ಮೂಲೆಯಲ್ಲಿ ಮುಳ್ಳು ಸರಿಸಿ ಕಂಡಿ ಮಾಡಿರುತ್ತಾರೆ. ಶಾಲೆಯ ಮಕ್ಕಳು, ಡೇರಿಗೆ ಹಾಲು ಒಯ್ಯುವವರು, ಎಲ್ಲರೂ ಅಲ್ಲೇ ನುಸುಳುತ್ತಾರೆ. ಆಮೇಲೆ ಅದೇ ಕಂಡಿಯಲ್ಲಿ ದನವೂ ನುಗ್ಗುತ್ತದೆ. ನಿಮ್ಮ ವಾಟ್ಸಾಪ್ ವೆಬ್ ಆ ಕಂಡಿ. ಅದನ್ನು ಮಾಡಿದ್ದು ನೀವು, ಮಾಡಿಸಿದ್ದು ಬೇಲಿ.

ಇದನ್ನು 1883ರಲ್ಲೇ ಒಬ್ಬ ಭಾಷೆ ಮೇಷ್ಟ್ರು ಬರೆದಿಟ್ಟಿದ್ದಾರೆ. ಆಗಸ್ಟ್ ಕರ್ಕ್‌ಹಾಫ್ಸ್ ಅಂತ, ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಜರ್ಮನ್ ಕಲಿಸುತ್ತಿದ್ದವರು. ಸೈನ್ಯದ ಗುಪ್ತಲಿಪಿ ಹೇಗಿರಬೇಕೆಂದು ಆರು ನಿಯಮ ಹೇಳಿದರು. ಎಂಜಿನಿಯರ್‌ಗಳಿಗೆ ಎರಡನೆಯದು ಬಾಯಿಪಾಠ: ವ್ಯವಸ್ಥೆಯೇ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು. ಆರನೆಯದನ್ನು ಯಾರೂ ಓದಿದ ಹಾಗೆ ಕಾಣುವುದಿಲ್ಲ. ಬಳಸಲು ಸುಲಭವಾಗಿರಬೇಕು, ತಲೆ ಬಿಸಿಯಾಗಬಾರದು, ಉದ್ದುದ್ದ ನಿಯಮ ನೆನಪಿಡುವ ಕಷ್ಟ ಇರಬಾರದು ಎನ್ನುತ್ತದೆ ಅದು. ಯುದ್ಧದ ಗುಟ್ಟು ಕಳಿಸುವ ಸಿಪಾಯಿಯ ಮೇಲೆ ಮೇಷ್ಟ್ರಿಗೆ ಅಷ್ಟು ಕನಿಕರ. ನಮ್ಮ ಆಫೀಸುಗಳಿಗೆ ಪಿಎಫ್ ಲೆಕ್ಕ ಕಳಿಸುವ ಗುಮಾಸ್ತರ ಮೇಲೆ ಅಷ್ಟೂ ಇಲ್ಲ. ಪಾಸ್‌ವರ್ಡನ್ನು ಕಾರಣವಿಲ್ಲದೆ ಆಗಾಗ ಬದಲಿಸಲು ಹೇಳಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿತು. ನಮ್ಮಲ್ಲಿ ಇನ್ನೂ ಮೂರು ತಿಂಗಳಿಗೊಮ್ಮೆ ಬದಲಿಸುತ್ತಲೇ ಇದ್ದೇವೆ. ನಿಮ್ಮ ಆಫೀಸಿನ ಗೋಡೆ ಕ್ಯಾಲೆಂಡರ್ ಒಮ್ಮೆ ತಿರುಗಿಸಿ ನೋಡಿ, ಹಿಂದೆ ಎಷ್ಟು ಪಾಸ್‌ವರ್ಡ್ ಬರೆದಿದೆ ಅಂತ.

ನಿಮಗೆ ಬುದ್ಧಿ ಹೇಳುವ ಮುಂಚೆ ನಮ್ಮ ತಪ್ಪೂ ಒಪ್ಪಿಕೊಳ್ಳುತ್ತೇನೆ. 2020ರ ಮೇ ಕೊನೆ, ಲಾಕ್‌ಡೌನ್. ನಮ್ಮ ಪತ್ರಿಕೆಯ ವಿನ್ಯಾಸದ ಹುಡುಗ ಸಾಗರದ ಹತ್ತಿರ ಅವನ ಊರಲ್ಲಿ, ಪ್ರೆಸ್ ಶಿವಮೊಗ್ಗದಲ್ಲಿ, ಮುಖಪುಟದ ಫೈಲ್ 180 ಎಂಬಿ. ಇಮೇಲ್‌ನಲ್ಲಿ 25 ಎಂಬಿ ದಾಟಿದರೆ ಹೋಗುವುದಿಲ್ಲ. ದೊಡ್ಡ ಫೈಲ್ ಕಳಿಸಲು ಎಲ್ಲರೂ ಬಳಸುತ್ತಿದ್ದ ವಿಟ್ರಾನ್ಸ್‌ಫರ್ ತಾಣಕ್ಕೆ ದೇಶದಲ್ಲಿ ನಿರ್ಬಂಧ ಬಿದ್ದದ್ದು ಅದೇ ತಿಂಗಳು. ಹುಡುಗ ವಾಟ್ಸಾಪ್‌ನಲ್ಲಿ ಫೋಟೋ ಮಾಡಿ ಕಳಿಸಿದ. ಪ್ರೂಫ್ ತೆಗೆದರೆ ಮುಖಪುಟದ ಅಜ್ಜಿಯ ಮುಖ ರಾಗಿ ಚೆಲ್ಲಿದಂತೆ ಚುಕ್ಕೆ ಚುಕ್ಕೆ. ಕೊನೆಗೆ ಪೆನ್‌ಡ್ರೈವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರಕಾರಿ ಲಾರಿಯ ಡ್ರೈವರ್ ಕೈಗೆ ಕೊಟ್ಟ. ಸಂಚಿಕೆ ಟೈಮಿಗೆ ಬಂತು, ನಾವೆಲ್ಲ ಅವನ ಬೆನ್ನು ತಟ್ಟಿದೆವು. ನಾಲ್ಕು ದಿನ ಬಿಟ್ಟು ಅವನು ಪೆಚ್ಚಾಗಿ ಫೋನ್ ಮಾಡಿದ. ಅದೇ ಪೆನ್‌ಡ್ರೈವ್‌ನಲ್ಲಿ ನಮ್ಮ ಚಂದಾದಾರರ ಪೂರ್ತಿ ಪಟ್ಟಿ ಇತ್ತಂತೆ, ವಿಳಾಸ, ಫೋನ್ ನಂಬರ್ ಸಮೇತ. ನೀವು ಹತ್ತು ವರ್ಷದ ಚಂದಾದಾರರು ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಹಾಗಾದರೆ ನೀವೂ ಟೊಮೆಟೊ ಕ್ರೇಟಿನ ಪಕ್ಕ ಕೂತು ಶಿವಮೊಗ್ಗಕ್ಕೆ ಹೋಗಿ ಬಂದಿದ್ದೀರಿ. ಪೆನ್‌ಡ್ರೈವ್ ವಾಪಸ್ ಬಂದಾಗ ಅದರಲ್ಲಿ ಯಾರೋ ಎರಡು ಸಿನಿಮಾ ಹಾಕಿಟ್ಟಿದ್ದರು.

ಈಗ ನಿಮ್ಮ ಸರದಿ. ಅಲ್ಲ ತಾಯಿ, ಆಡಿಟರ್ ಕೇಳಿದ್ದು ಪಿಎಫ್ ಲೆಕ್ಕ. ನೀವು ಕಳಿಸಿದ್ದು ಬ್ಯಾಂಕ್ ಖಾತೆ, ಪ್ಯಾನ್, ಆಧಾರ್ ಎಲ್ಲ ಇರುವ ಇಡೀ ಶೀಟ್! ‘ಬೇಡದ ಕಾಲಂ ಹೈಡ್ ಮಾಡಿದ್ದೆ’ ಎಂದು ಬೇರೆ ಬರೆದಿದ್ದೀರಿ. ಹೈಡ್ ಮಾಡಿದ ಕಾಲಂ ಸೆರಗಿನ ಮರೆಯ ದೀಪದ ಹಾಗೆ, ಸೆರಗು ಸರಿಸಿದರೆ ಕಾಣುತ್ತದೆ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಎಕ್ಸೆಲ್ ಫೈಲಿನಲ್ಲಿ ಉತ್ತರ ಕೊಟ್ಟರು. ಅದರಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಶೀಟ್ ಉಳಿದುಹೋಗಿತ್ತು. ಸುಮಾರು ಹತ್ತು ಸಾವಿರ ಸಿಬ್ಬಂದಿಯ ಹೆಸರು, ದರ್ಜೆ, ಕೆಲಸದ ಜಾಗ ಎಲ್ಲ ಹೊರಬಿತ್ತು. ಪೊಲೀಸರ ಕಾರಿನ ಅಡಿಯಲ್ಲಿ ಬಾಂಬ್ ಇಡುತ್ತಿದ್ದ ನಾಡು ಅದು. ಬೇಕಾದ ಎರಡು ಕಾಲಂ ಮಾತ್ರ ಹೊಸ ಫೈಲಿಗೆ ಕಾಪಿ ಮಾಡಿ, ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ಐದು ನಿಮಿಷ.

ಆದರೆ ಮೆಮೋ ನಿಮಗೊಬ್ಬರಿಗೇ ಯಾಕೆ? ಇದು ನನ್ನ ಹಳೇ ಸಂಕಟ. 2007ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಕಂದಾಯ ಇಲಾಖೆ ಲಂಡನ್ನಿನ ಲೆಕ್ಕಪರಿಶೋಧಕರಿಗೆ ಎರಡು ಸಿಡಿ ಕಳಿಸಿತು. ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ ಎರಡೂವರೆ ಕೋಟಿ ಜನರ ವಿವರ, ಎನ್‌ಕ್ರಿಪ್ಟ್ ಮಾಡದೆ (ಗುಪ್ತಲಿಪಿಗೆ ತಿರುಗಿಸದೆ), ರಿಜಿಸ್ಟರ್ಡ್ ಕೂಡ ಅಲ್ಲದ ಟಪಾಲಿನಲ್ಲಿ. ಸಿಡಿ ಇವತ್ತಿಗೂ ಸಿಕ್ಕಿಲ್ಲ. ಯಾರೋ ಚಿಕ್ಕ ನೌಕರ ನಿಯಮ ಮುರಿದ ಎಂಬ ಮಾತು ಮೊದಲು ಬಂತು. ಇಲಾಖೆಯ ಮುಖ್ಯಸ್ಥರೇನೋ ರಾಜೀನಾಮೆ ಕೊಟ್ಟರು. ಆಮೇಲೆ ಕೆದಕಿದಾಗ ಗೊತ್ತಾಯಿತು, ಲೆಕ್ಕಪರಿಶೋಧಕರು ಬ್ಯಾಂಕ್ ವಿವರ ನಮಗೆ ಬೇಡ ಅಂತಲೇ ಹೇಳಿದ್ದರು. ಅದನ್ನು ತೆಗೆಸಲು ಜಾಸ್ತಿ ಖರ್ಚಾಗುತ್ತದೆ ಎಂದು ಇಲಾಖೆಯವರು ಇಡೀ ಕಂತೆ ಕಳಿಸಿದ್ದರು. ಮುಂದಿನ ವರ್ಷ ಬಂದ ತನಿಖಾ ವರದಿಗಳು ತಪ್ಪು ಒಬ್ಬ ನೌಕರನದಲ್ಲ, ಇಡೀ ಇಲಾಖೆಯ ನಡೆವಳಿಕೆಯದು ಎಂದವು.

ಕೇಳಿದ್ದಕ್ಕಿಂತ ಜಾಸ್ತಿ ಕೊಡುವುದು ಒಂದು ರೋಗವಾದರೆ, ಬೇಕಾದ್ದಕ್ಕಿಂತ ಜಾಸ್ತಿ ಕೇಳುವುದು ಇನ್ನೊಂದು. ಸಿಮ್‌ಗೆ ಆಧಾರ್ ಜೆರಾಕ್ಸ್ ಕೇಳುತ್ತಿದ್ದರು, ಲಾಡ್ಜ್ ರೂಮಿಗೆ ಆಧಾರ್ ಜೆರಾಕ್ಸ್, ಮೊನ್ನೆ ಮದುವೆ ಛತ್ರದ ಬುಕಿಂಗಿಗೂ ಕೇಳಿದರು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು. ಓದಿ ನನಗೆ ಹಬ್ಬವಾಯಿತು. ಎರಡೇ ದಿನ. 29ಕ್ಕೆ ದೆಹಲಿಯಿಂದ ಅದನ್ನು ವಾಪಸ್ ಪಡೆದರು, ಜನ ತಪ್ಪು ತಿಳಿಯಬಹುದಂತೆ. ಮಾಸ್ಕ್ಡ್ ಆಧಾರ್ ಈಗಲೂ ಸಿಗುತ್ತದೆ. ಕೊಟ್ಟರೆ ಮಾತ್ರ ಕೌಂಟರಿನಲ್ಲಿ ‘ಪೂರ್ತಿ ನಂಬರ್ ಇರೋದು ತನ್ನಿ’ ಅನ್ನುತ್ತಾರೆ. ತರಲು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗೆ ಓಡಬೇಕು. ಅಲ್ಲಿ ಫೈಲನ್ನು ಅಂಗಡಿಯ ವಾಟ್ಸಾಪ್‌ಗೆ ಕಳಿಸಬೇಕು. ಪ್ರಿಂಟ್ ಕೊಡುವಾಗ ನಾನು ಪರದೆ ನೋಡಿದೆ. ಬೆಳಗಿನಿಂದ ಬಂದವರ ಪಹಣಿ, ಪಾಸ್‌ಬುಕ್, ಜಾತಿ ಪ್ರಮಾಣಪತ್ರ, ಯಾರದೋ ಸ್ಕ್ಯಾನಿಂಗ್ ರಿಪೋರ್ಟ್ ಸಾಲಾಗಿ ಕೂತಿದ್ದವು. ‘ಇದನ್ನೆಲ್ಲ ಅಳಿಸಲ್ವಾ?’ ಅಂದೆ. ‘ಹ್ಯಾಂಗ್ ಆದಾಗ ಅಳಿಸ್ತೀವಿ ಸಾರ್’ ಅಂದ ಹುಡುಗ.

ನಿಮ್ಮ ಮೆಮೋಗೆ ಬರೋಣ. ಉತ್ತರ ಎರಡು ಪ್ಯಾರಾ ಸಾಕು. ಮೊದಲನೆಯದರಲ್ಲಿ ತಪ್ಪು ಒಪ್ಪಿಕೊಳ್ಳಿ, ನೆಪ ಬೇಡ. ಎರಡನೆಯದರಲ್ಲಿ ಆ ದಿನ ಒಟಿಪಿಗಾಗಿ ಎಷ್ಟು ಗಂಟೆಗೆ ಎಷ್ಟು ಸಲ ಫೋನ್ ಮಾಡಿದಿರಿ ಎಂದು ಬರೆಯಿರಿ. ಮ್ಯಾನೇಜರ್ ಇಲ್ಲದ ದಿನ ಒಟಿಪಿ ಇನ್ನೊಬ್ಬರಿಗೆ ಬರಲಿ, ಆಡಿಟರ್ ಹೆಸರಿಗಷ್ಟೇ ತೆರೆಯುವ, ವಾರಕ್ಕೆ ತಾನೇ ಮುಚ್ಚಿಕೊಳ್ಳುವ ಒಂದು ಫೋಲ್ಡರ್ ಮಾಡಿಕೊಡಿ ಎಂದು ಕೇಳಿ. ಆಡಿಟರ್‌ಗೂ ಒಂದು ಫೋನ್ ಮಾಡಿ ಆ ಶೀಟ್ ಅಳಿಸಲು ಹೇಳಿ.

ಅಂದ ಹಾಗೆ, ಪತ್ರದ ಜೊತೆ ಆ ಮೆಮೋದ ಫೋಟೋವನ್ನೂ ನಮ್ಮ ಪತ್ರಿಕೆಯ ವಾಟ್ಸಾಪ್‌ಗೆ ಕಳಿಸಿದ್ದೀರಿ. ನಿಮ್ಮ ಉದ್ಯೋಗಿ ಸಂಖ್ಯೆ, ಮ್ಯಾನೇಜರ್ ಸಹಿ, ಕಂಪನಿ ಸೀಲು ಎಲ್ಲ ಸ್ಪಷ್ಟವಾಗಿ ಬಂದಿದೆ. ನಾವು ಅಳಿಸಿದ್ದೇವೆ. ನೀವೂ ನಿಮ್ಮ ಫೋನಿನಿಂದ ಅಳಿಸಿ.

– ಸಂ.